ನಾಡಿ ನಿಂತ ಅಂಕಿ

ನೂರಾ ಅರವತ್ತು. ನೂರಾ ಎಪ್ಪತ್ತು. ಬಿಪಿ ಡಯಲಿನ ಮುಳ್ಳು ಏರುತ್ತಲೇ ಇತ್ತು. ಚೋಟುವಿನ ಬೆರಳುಗಳ ಕೆಳಗೆ ಅತ್ತೆಯ ನಾಡಿ ಮಾತ್ರ, ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಯುವ ಹಾಗೆ, ಬಿಡದೆ ಬಡಿಯುತ್ತಿತ್ತು.

ನಿಲ್ಲಬೇಕಿತ್ತು. ಇಷ್ಟು ಹೊತ್ತಿಗೆ ನಿಂತೇಬಿಡಬೇಕಿತ್ತು.

ಅವಳು ರಬ್ಬರ್ ಚೆಂಡನ್ನು ಇನ್ನೆರಡು ಸಲ ಹಿಂಡಿದಳು. ಅತ್ತೆಯ ತೋಳಿಗೆ ಸುತ್ತಿದ್ದ ಪಟ್ಟಿ ಇನ್ನಷ್ಟು ಬಿಗಿಯಿತು. ನೂರಾ ಎಂಬತ್ತು. ಮೊಳೆ ಹೊಡೆಯುವವನಿಗೆ ದಣಿವೇ ಇಲ್ಲ.

"ಉಂ?" ಎಂದಳು ಅತ್ತೆ. ಅವಳಿಂದ ಆಗುತ್ತಿದ್ದದ್ದು ಅಷ್ಟೇ. ತುಟಿಗಳ ನಡುವೆ ಆರು ಗುಂಡುಸೂಜಿ ಕಚ್ಚಿಕೊಂಡಿದ್ದಳು.

"ಮಾತಾಡ್ಬೇಡ ಅತ್ತೆ."

"ಉಂಹೂಂ," ಎಂದಳು ಅತ್ತೆ. ಯಾರು ಮಾತಾಡ್ತಿದಾರೆ ಎಂದು ಅದರ ಅರ್ಥ.

ನೂರಾ ತೊಂಬತ್ತು. ಬಡಿತ ತೆಳುವಾಯಿತು. ತೊಂಬತ್ತೆರಡು. ತೊಂಬತ್ನಾಲ್ಕು. ಬೆರಳ ಕೆಳಗೆ ಇದ್ದಕ್ಕಿದ್ದಂತೆ ಏನೂ ಇಲ್ಲ. ಚೋಟು ತಿರುಪು ಸಡಿಲಿಸಿದಳು. ಪಟ್ಟಿಯ ಗಾಳಿ ದೊಡ್ಡ ನಿಟ್ಟುಸಿರು ಬಿಟ್ಟಿತು. ಹೊಲಿಗೆ ಅಂಗಡಿಯ ಮೇಜಿನ ಮೇಲೆ, ಕತ್ತರಿ ಮತ್ತು ಸೀಮೆಸುಣ್ಣದ ನಡುವೆ, ಅವಳ ನೋಟ್‌ಬುಕ್ ತೆರೆದು ಬಿದ್ದಿತ್ತು. ಮೂವತ್ತೊಂಬತ್ತನೇ ಸಾಲು. ಕಾಲಂನ ತಲೆಬರಹ: 'ನಾಡಿ ನಿಂತ ಅಂಕಿ'. ಅಲ್ಲಿ ನೂರಾ ತೊಂಬತ್ನಾಲ್ಕು ಎಂದು ಬರೆಯಬೇಕಿತ್ತು. ಪೆನ್ಸಿಲ್ ಮೇಲೇಳಲಿಲ್ಲ.

ಈ ಒಂದು ಕಾಲಂ ಇಲ್ಲದೆ ಹೋಗಿದ್ದರೆ ಅವಳು ಈ ಹೊತ್ತಿಗೆ ಹಾಸ್ಟೆಲ್ ಗೆಳತಿಯರ ಜೊತೆ ಪರೀಕ್ಷೆಯ ತಯಾರಿಯ ಹೆಸರಲ್ಲಿ ಹರಟೆ ಹೊಡೆಯುತ್ತಿರುತ್ತಿದ್ದಳು.

ಚೋಟು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅತ್ತೆಯೇ ಟೇಪು ಹಿಡಿದು ಅಳೆದು ಇಟ್ಟ ಹೆಸರು. ಈಗ ಅತ್ತೆಗಿಂತ ಗೇಣು ಎತ್ತರ ಬೆಳೆದರೂ ಹೆಸರು ಮಾತ್ರ ಬೆಳೆದಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಬ್ಬರೂ ನಲವತ್ತು ಜನರ ಬಿಪಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಟ್ಯೂಟರ್ ಸಹಿ ಹಾಕಬೇಕು. ಸಹಿ ಇಲ್ಲದವರು ಆರು ತಿಂಗಳು ಕಾದು, ಕಿರಿಯರ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಮತ್ತೆ ಬರೆಯಬೇಕು.

ಟ್ಯೂಟರ್‌ಗೆ ಹುಡುಗಿಯರು ಇಟ್ಟ ಹೆಸರು ಪಾದರಸ ಮೇಡಂ. ಹಳೇ ಪಾದರಸದ ಬಿಪಿ ಉಪಕರಣವನ್ನು ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ ಎನ್ನುವುದು ಒಂದು ಕಾರಣ. ಈಗ ಇಲ್ಲಿದ್ದವರು ಇನ್ನೊಂದು ಕ್ಷಣದಲ್ಲಿ ನಿಮ್ಮ ಬೆನ್ನ ಹಿಂದೆ ಇರುತ್ತಾರೆ ಎನ್ನುವುದು ಇನ್ನೊಂದು. ಮೊದಲ ತರಗತಿಯಲ್ಲೇ ಅವರು ಹೇಳಿದ್ದರು:

"ಕಿವೀನ ನಂಬೋಕೆ ಮುಂಚೆ ಬೆರಳನ್ನ ನಂಬಿ. ಮಣಿಕಟ್ಟಿನ ನಾಡಿ ಹಿಡೀರಿ. ಪಟ್ಟಿಗೆ ಗಾಳಿ ತುಂಬ್ತಾ ಹೋಗಿ. ನಾಡಿ ಎಲ್ಲಿ ನಿಲ್ಲುತ್ತೋ ಆ ಅಂಕಿ ಬರ್ಕೊಳ್ಳಿ. ಗಾಳಿ ಬಿಡಿ, ಅರ್ಧ ನಿಮಿಷ ಕಾಯಿರಿ. ಆಮೇಲೆ ಆ ಅಂಕಿಗಿಂತ ಮೂವತ್ತು ಮೇಲಕ್ಕೆ ಏರ್ಸಿ, ಸ್ಟೆತೊಸ್ಕೋಪ್ ಇಟ್ಟು, ಮೆಲ್ಲಗೆ ಇಳಿಸ್ತಾ ಕೇಳಿ. ಮೊದಲು ಕೇಳೋ ಸದ್ದು ಮೇಲಿನ ಅಂಕಿ, ಅದು ಹೃದಯ ಹಿಂಡಿ ರಕ್ತ ತಳ್ಳುವಾಗಿನ ಒತ್ತಡ. ಸದ್ದು ಅಡಗೋ ಜಾಗ ಕೆಳಗಿನ ಅಂಕಿ, ಅದು ಹೃದಯ ಸಡಿಲವಾಗಿ ತುಂಬ್ಕೊಳ್ಳುವಾಗಿನ ಒತ್ತಡ. ಇಷ್ಟೇ. ಇಷ್ಟನ್ನ ಸರಿಯಾಗಿ ಮಾಡೋರು ಲಕ್ಷಕ್ಕೊಬ್ರು."

"ಮೇಡಂ, ನಿಮ್ಮ ಕೈ ಮೇಲೆ ತೋರಿಸ್ತೀರಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದ್ದರು.

"ನಂದು ನೂರಿಪ್ಪತ್ತು ಎಂಬತ್ತು. ಅದರಲ್ಲಿ ನೋಡೋಕೇನಿದೆ?" ಎಂದು ಮೇಡಂ ಅಟೆಂಡರ್ ಅಣ್ಣನನ್ನು ಕರೆದಿದ್ದರು. ಪ್ರತಿ ವರ್ಷ ಅವನನ್ನೇ ಕರೆಯುತ್ತಾರೆ. ಅವನ ಎಡತೋಳಿಗೆ ಕಾಲೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಸರ್ವಿಸು.

ಚೋಟುವಿಗೆ ಈ ಎರಡೆರಡು ಸಲ ಏರಿಸಿ ಇಳಿಸುವುದು ಹಿಡಿಸಲಿಲ್ಲ. ಹೇಗೂ ಕಿವಿಯಲ್ಲಿ ಕೇಳುತ್ತದಲ್ಲ, ಬೆರಳಿಗೇಕೆ ತೊಂದರೆ? ಅವಳು ಎಲ್ಲರಿಗೂ ನೇರವಾಗಿ ನೂರಾ ಅರವತ್ತಕ್ಕೆ ಏರಿಸಿ, ಕೇಳಿ, ಬರೆದಳು. 'ನಾಡಿ ನಿಂತ ಅಂಕಿ' ಕಾಲಂ ಖಾಲಿ ಉಳಿಯಿತು. ಪುಸ್ತಕದಲ್ಲಿ ಅದು ಮೇಲಿನ ಅಂಕಿಗಿಂತ ಸುಮಾರು ಹತ್ತು ಕಡಿಮೆ ಇರುತ್ತದೆ ಎಂದಿತ್ತು. ಒಂದು ಸಂಜೆ ಕೂತು ನಲವತ್ತು ಸಲ ಹತ್ತು ಕಳೆದು ಕಾಲಂ ತುಂಬಿಸಿದಳು. ನಿದ್ದೆ ಚೆನ್ನಾಗಿ ಬಂತು.

ಮಂಗಳವಾರ ಮೇಡಂ ನೋಟ್‌ಬುಕ್ ತೆರೆದರು.

"ಮೊದಲನೇ ಸಾಲು. ಮೇಲಿನ ಅಂಕಿಗೂ ನಾಡಿ ನಿಂತ ಅಂಕಿಗೂ ಎಷ್ಟು ವ್ಯತ್ಯಾಸ?"

"ಹತ್ತು, ಮೇಡಂ."

"ಎರಡನೇದು?"

"ಹತ್ತು."

"ಹದಿನೇಳನೇದು?"

ಚೋಟು ನೋಡುವ ಗೋಜಿಗೇ ಹೋಗಲಿಲ್ಲ. "ಹತ್ತೇ, ಮೇಡಂ."

"ಬಸ್ ಡ್ರೈವರು, ಬೀಗ ರಿಪೇರಿಯವನು, ಎಂಬತ್ತು ವರ್ಷದ ಅಜ್ಜಿ, ನಿನ್ನೆ ಮೊನ್ನೆ ಮೀಸೆ ಬಂದ ಹುಡುಗ. ನಲವತ್ತೂ ಜನಕ್ಕೆ ಹತ್ತು. ಅವಳಿ ಮಕ್ಕಳಿಗೂ ಇಷ್ಟು ಹೊಂದಿಕೆ ಇರಲ್ಲ ಕಣಮ್ಮ. ಪುಸ್ತಕದಲ್ಲಿ 'ಸುಮಾರು ಹತ್ತು' ಅಂತಿತ್ತು. ನೀನು 'ಸುಮಾರು' ನುಂಗಿ ನೀರು ಕುಡಿದುಬಿಟ್ಟಿದೀಯ."

ಚೋಟು ತನ್ನ ಬೂಟಿನ ಲೇಸನ್ನು ಬಹಳ ಆಸಕ್ತಿಯಿಂದ ನೋಡಿದಳು.

"ಶುಕ್ರವಾರ ಸಂಜೆ ನಾಲ್ಕಕ್ಕೆ ಪರೀಕ್ಷೆಗೆ ಕೂರೋರ ಹೆಸರಿನ ಪಟ್ಟಿ ಆಫೀಸಿಗೆ ಹೋಗುತ್ತೆ. ಅಷ್ಟರಲ್ಲಿ ನಲವತ್ತು. ಮೊದಲಿಂದ. ಸಹಪಾಠಿಗಳು ಬೇಡ. ಆಸ್ಪತ್ರೇಲಿ ಕಾಯ್ತಾ ಕೂತಿರೋರೂ ಬೇಡ. ಬಿಳಿ ಕೋಟು ನೋಡಿ ಹೆದರಿದವರ ಬಿಪಿ ಸುಳ್ಳು ಹೇಳುತ್ತೆ. ಪ್ರತಿಯೊಬ್ಬರನ್ನೂ ಐದು ನಿಮಿಷ ಸುಮ್ನೆ ಕೂರಿಸ್ಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆ ಮಟ್ಟಕ್ಕೆ, ಬಾಯಿ ಮುಚ್ಚಿ."

ಬಾಯಿ ಮುಚ್ಚಿ ಐದು ನಿಮಿಷ. ಚೋಟುವಿನ ಮನೆಯಲ್ಲಿ ಅದು ಆನೆಗೆ ಜೋಕಾಲಿ ಕಟ್ಟಿದ ಹಾಗೆ. ಅಪ್ಪ ಬಸ್ ಡ್ರೈವರು. ದಿನಕ್ಕೆ ಎಂಟು ಗಂಟೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡಿನ ಕೆಳಗೆ ಕೂತು, ಉಳಿದ ಮಾತನ್ನೆಲ್ಲ ಮನೆಗೆ ತಂದು ಸುರಿಯುತ್ತಾನೆ. ಮಂಗಳವಾರ ಸಂಜೆ ಅಡ್ಡರಸ್ತೆಯ ಲಾರಿಯವನ ಕಥೆ ಹೇಳುತ್ತಿದ್ದಾಗ ಅವನ ಮೇಲಿನ ಅಂಕಿ ನೂರಾ ನಲವತ್ತೆಂಟಿತ್ತು. ಅಮ್ಮ ಅವನ ಬಾಯಿಗೆ ಅಡ್ಡಲಾಗಿ ಟವೆಲ್ ಹಿಡಿದು ನಿಂತ ಮೇಲೆ ನೂರಾ ಮೂವತ್ತಕ್ಕೆ ಇಳಿಯಿತು. ಅಮ್ಮ ಮಾತಿನಲ್ಲಿ ಮೌನಿ, ಆದರೆ ಕಾಲ ಮೇಲೆ ಕಾಲು ಹಾಕದೆ ಕೂತರೆ ಅವಳಿಗೆ ತಾನು ಬೇರೆಯವರ ಮನೆಗೆ ಬಂದ ಹಾಗನಿಸುತ್ತದಂತೆ. ಕಾಲು ಇಳಿಸಿದಾಗ ಅವಳದೂ ಆರು ಇಳಿಯಿತು. ಇದೆಲ್ಲ ಪುಸ್ತಕದಲ್ಲಿತ್ತು. ಪುಸ್ತಕ ನಿಜ ಹೇಳುತ್ತದೆ ಎಂದು ಚೋಟುವಿಗೆ ಅಂದೇ ಗೊತ್ತಾದದ್ದು.

ಮೂರು ದಿನದಲ್ಲಿ ಮೂವತ್ತೆಂಟು ತೋಳು. ಶುಕ್ರವಾರ ಮಧ್ಯಾಹ್ನ ಉಳಿದದ್ದು ಎರಡು: ಅತ್ತೆ, ಮತ್ತು ಎದುರು ಬೀದಿಯ ಕ್ಷೌರಿಕ. ಕ್ಷೌರಿಕ ಮೂರು ಗಂಟೆಗೆ ಬಾ, ಮೂರೂವರೆಗೆ ಬಾಗಿಲು ಎಳೆದು ಊರಿಗೆ ಹೊರಡ್ತೀನಿ ಎಂದಿದ್ದ. ಅತ್ತೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಅಪ್ಪನ ಅಕ್ಕ, ಮಾತಿನಲ್ಲಿ ತಮ್ಮನಿಗೇನೂ ಕಡಿಮೆ ಇಲ್ಲ. ಆದರೆ ಕೋಟಿನ ಅಂಚು ಮಡಚುವಾಗ ಬಾಯ್ತುಂಬ ಗುಂಡುಸೂಜಿ. ಇಡೀ ಬೀದಿಯಲ್ಲಿ ಇಷ್ಟು ಸುಲಭದ ಐದು ನಿಮಿಷ ಇನ್ನೆಲ್ಲೂ ಸಿಗುತ್ತಿರಲಿಲ್ಲ.

ಪಟ್ಟಿಯ ಗಾಳಿ ಬಿಟ್ಟು ಅರ್ಧ ನಿಮಿಷ ಕಳೆಯಿತು. ಚೋಟು ಸ್ಟೆತೊಸ್ಕೋಪ್ ಕಿವಿಗೆ ಹಾಕಿಕೊಂಡು ಬಿಲ್ಲೆಯನ್ನು ಅತ್ತೆಯ ಮೊಣಕೈ ಮಡಿಕೆಯಲ್ಲಿ ಇಟ್ಟಳು. ಈ ಸಲ ಇನ್ನೂರಾ ಇಪ್ಪತ್ನಾಲ್ಕಕ್ಕೆ ಏರಿಸಿದಳು. ಅಷ್ಟು ಎತ್ತರಕ್ಕೆ ಅವಳ ಮುಳ್ಳು ಯಾವತ್ತೂ ಹೋಗಿರಲಿಲ್ಲ. ಮೆಲ್ಲಗೆ ಇಳಿಸಿದಳು.

ಇನ್ನೂರಾ ಎರಡು: ಟಪ್. ಟಪ್. ಟಪ್.

ನೂರಾ ಎಪ್ಪತ್ನಾಲ್ಕು: ಸದ್ದು ಮಾಯ.

ಏನೂ ಇಲ್ಲ. ಬಿಲ್ಲೆ ಜಾರಿತೇ ಎಂದು ನೋಡಿದಳು. ಜಾರಿರಲಿಲ್ಲ. ಮುಳ್ಳು ಇಳಿಯುತ್ತಿತ್ತು, ನೂರಾ ಅರವತ್ತು, ನೂರಾ ಐವತ್ತು, ಕಿವಿಯಲ್ಲಿ ಖಾಲಿ ಕೊಡದೊಳಗಿನ ಮೌನ. ನೂರಾ ಮೂವತ್ತೆಂಟಕ್ಕೆ ಬಂದಾಗ, ಎಲ್ಲೋ ಹೋಗಿ ಬಂದವರ ಹಾಗೆ, ಮತ್ತೆ ಟಪ್. ಟಪ್. ಟಪ್. ತೊಂಬತ್ತೆರಡರಲ್ಲಿ ಪೂರ್ತಿ ಅಡಗಿತು.

ಇದನ್ನು ಮೇಡಂ ಹೇಳಿದ್ದರು. ಕೆಲವರಲ್ಲಿ, ಅದೂ ಬಿಪಿ ಜಾಸ್ತಿ ಇರುವ, ರಕ್ತನಾಳ ಗಟ್ಟಿಯಾದವರಲ್ಲಿ, ಸದ್ದು ಮಧ್ಯದಲ್ಲಿ ಕಣ್ಣುಮುಚ್ಚಾಲೆ ಆಡುತ್ತದೆ. ಬೆರಳಿಗೆ ಮೋಸ ಆಗಲ್ಲ, ಕಿವಿಗೆ ಆಗುತ್ತೆ. ಅದಕ್ಕೇ ಮೊದಲು ನಾಡಿ. ಹೋದ ತಿಂಗಳು ಚೋಟು ಅತ್ತೆಗೆ ನೂರಾ ಅರವತ್ತಕ್ಕೆ ಏರಿಸಿ ನಿಂತದ್ದು ಸರಿಯಾಗಿ ಆ ಮೌನದ ನಡುಮಧ್ಯದಲ್ಲಿ. ಅಲ್ಲಿಂದ ಇಳಿದಾಗ ಕೇಳಿದ ಮೊದಲ ಸದ್ದನ್ನೇ ಮೊದಲ ಸದ್ದು ಎಂದುಕೊಂಡಿದ್ದಳು.

ಅತ್ತೆ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಎಷ್ಟೇ? ಹೋದ ಸಲದ್ದೇ ತಾನೇ?" ಎಂದು ಗದ್ದದಿಂದ ಕನ್ನಡಿ ತೋರಿಸಿದಳು.

ಗಿರಾಕಿಗಳು ಕೋಟು ಹಾಕಿ ನೋಡಿಕೊಳ್ಳುವ ಆಳೆತ್ತರದ ಕನ್ನಡಿ. ಅದರ ಮೂಲೆಗೆ ಒಂದು ಚೀಟಿ ಸಿಕ್ಕಿಸಿತ್ತು. ಚೋಟುವಿನ ದುಂಡಗಿನ ಅಕ್ಷರ: 136/88. ಪಕ್ಕದಲ್ಲಿ ಅವಳೇ ಬಿಡಿಸಿದ ಒಂದು ನಗುಮುಖ. ಅಂಗಡಿಗೆ ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸುತ್ತಿದ್ದಳು. ಐವತ್ತೆಂಟನೇ ವಯಸ್ಸಿಗೆ ಈ ನಂಬರು ಯಾರಿಗಿದೆ ಹೇಳಿ ನೋಡೋಣ. ನಮ್ಮ ಹುಡುಗಿಯೇ ನೋಡಿದ್ದು.

"ಇನ್ನೂರಾ ಎರಡು. ತೊಂಬತ್ತೆರಡು," ಎಂದಳು ಚೋಟು.

"ಯಾರದ್ದು?"

"ನಿಂದೇ."

"ನಿನ್ನ ಮಿಷನ್ ಕೆಟ್ಟಿದೆ ಬಿಡು."

"ಬೆಳಗ್ಗೆಯಿಂದ ಆರು ಜನಕ್ಕೆ ನೋಡಿದೀನಿ. ಕೆಟ್ಟಿಲ್ಲ. ಇನ್ನೊಂದು ಕೈ ಕೊಡು."

ಇನ್ನೊಂದು ಕೈಯಲ್ಲಿ ಇನ್ನೂರು. ಎರಡು ಕೈಗಳೂ ಸೇರಿ ಪಿತೂರಿ ಮಾಡಿವೆ ಎನ್ನುವಂತೆ ಅತ್ತೆ ಅವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅತ್ತೆ, ನೀನು ಬಿಪಿಗೆ ಮಾತ್ರೆ ಏನಾದ್ರೂ ತಗೊಳ್ತಿದ್ಯಾ?"

ಅತ್ತೆ ಗುಂಡಿ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಬಿಳಿ ಗುಂಡಿ, ಕಪ್ಪು ಗುಂಡಿ, ಹಿತ್ತಾಳೆ ಗುಂಡಿಗಳ ನಡುವೆ ಒಂದು ಮಾತ್ರೆ ಪಟ್ಟಿ. ಅರ್ಧ ಖಾಲಿ.

"ಎರಡು ವರ್ಷದಿಂದ ತಗೊಳ್ತಿದ್ದೆ. ನಿಮ್ಮಪ್ಪನಿಗೆ ಹೇಳ್ಬೇಡ, ಸ್ಟಾಪು ಸ್ಟಾಪಿಗೂ ಸಾರ್ತಾನೆ. ಹೋದ ತಿಂಗಳು ನೀನು ಬಂದು ನೂರಾ ಮೂವತ್ತಾರು ಅಂದ್ಯಲ್ಲ. ಸರಿ, ಮಾತ್ರೆ ಕೆಲಸ ಮುಗೀತು ಅಂತ ನಿಲ್ಲಿಸಿದೆ. ಹೊಲಿಗೆ ಮುಗಿದ ಮೇಲೂ ಮಿಷನ್ ತುಳೀತಾರಾ ಯಾರಾದ್ರೂ?"

ಚೋಟುವಿಗೆ ತಾನು ಕೂತ ಸ್ಟೂಲು ನಾಲ್ಕರ ಬದಲು ಮೂರು ಕಾಲಿನ ಮೇಲೆ ನಿಂತ ಹಾಗಾಯಿತು.

"ತಲೆನೋವು?"

"ಬೆಳಗ್ಗೆ ಎದ್ದಾಗ ಸ್ವಲ್ಪ. ಕೆಲಸಕ್ಕೆ ಕೂತರೆ ಹೋಗುತ್ತೆ. ಹಾಗೆ ಮುಖ ಮಾಡ್ಬೇಡ್ವೇ, ನನಗೇ ಏನೋ ಆಗಿದೆ ಅನ್ಸುತ್ತೆ. ನಿಲ್ಲಿಸಿದ್ದಕ್ಕೆ ಏರಿದೆ. ಶುರು ಮಾಡಿದ್ರೆ ಇಳಿಯುತ್ತೆ, ಅಷ್ಟೇ ತಾನೇ? ನಾಳೆಯಿಂದ ನುಂಗ್ತೀನಿ. ಮಾತ್ರೆ ಇದ್ದಾಗ ಇದೇ ಕೈ ನೂರಾ ಮೂವತ್ತಾರು ತೋರಿಸಿರ್ಲಿಲ್ವಾ?"

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ನಿಲ್ಲಿಸಿದ್ದಕ್ಕೆ ಏರಿದೆ ಎನ್ನುವುದು ಸುಳ್ಳೂ ಅಲ್ಲ. ಎರಡೂ ಮುಕ್ಕಾಲಾಗಿತ್ತು. ಕ್ಷೌರಿಕ ಮೂರಕ್ಕೆ ಕಾಯುತ್ತಿದ್ದ. ಹೂಂ ಎಂದು ಮೂವತ್ತೊಂಬತ್ತನ್ನು ಬರೆದು, ರಸ್ತೆ ದಾಟಿ ನಲವತ್ತನ್ನು ಬರೆದು, ನಾಲ್ಕಕ್ಕೆ ಸಹಿ. ಅತ್ತೆ ನಾಳೆ ಅದೇ ಮಾತ್ರೆ ನುಂಗುತ್ತಾಳೆ. ಕನ್ನಡಿಯ ಮೂಲೆಯಲ್ಲಿ ನಗುಮುಖ ಹಾಗೇ ಇರುತ್ತದೆ, ಮಾತ್ರೆ ಸಾಕಾಗುತ್ತಿದೆ ಎಂದು ನಗುತ್ತ.

ಸಾಕಾಗುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಅದನ್ನು ಅಳೆದವಳು ಅಳೆದೇ ಇರಲಿಲ್ಲ.

"ಇಲ್ಲ ಅತ್ತೆ," ಎಂದಳು. "ಆ ಚೀಟಿ ತಪ್ಪು."

"ಏನು ತಪ್ಪು?"

"ಅವತ್ತು ನಾನು ನಾಡಿ ಹಿಡೀಲೇ ಇಲ್ಲ. ಸೋಮಾರಿತನ. ನಲವತ್ತು ಜನದ್ದೂ ಆ ಅಂಕೀನ ಮನಸ್ಸಿಗೆ ಬಂದ ಹಾಗೆ ಬರ್ದಿದ್ದೆ. ಅದಕ್ಕೇ ಮೇಡಂ ಮೊದಲಿಂದ ಮಾಡು ಅಂತ ಓಡಿಸಿದ್ದು. ನಿನಗೆ ಬೇರೆ ಸುಳ್ಳು ಹೇಳಿದ್ದೆ, ಎರಡನೇ ಸುತ್ತು ಎಲ್ಲರಿಗೂ ಇರುತ್ತೆ ಅಂತ."

  ಚೋಟು ಹೊಲಿಗೆ ಮಿಷನ್ ಕಡೆ ಕೈ ತೋರಿಸಿದಳು.

"ನಿನ್ನ ಮಿಷನ್ ಒಂದೊಂದ್ಸಲ ಹೊಲಿಗೆ ಹಾರಿಸುತ್ತಲ್ಲ? ಸ್ವಲ್ಪ ದೂರ ಹೊಲಿಗೆ, ಆಮೇಲೆ ಗೇಣು ಖಾಲಿ, ಆಮೇಲೆ ಮತ್ತೆ ಹೊಲಿಗೆ. ನಿನ್ನ ಕೈಯಲ್ಲಿ ಸದ್ದು ಹಾಗೆ ಹಾರುತ್ತೆ. ನಾನು ಖಾಲಿ ಜಾಗದಿಂದ ನೋಡೋಕೆ ಶುರು ಮಾಡಿದೆ. ಕೆಳಗಿನ ಹೊಲಿಗೆ ಕಂಡ ಕಡೆ, ಓ, ಇಲ್ಲಿಂದಲೇ ಶುರು ಅಂತ ಬರ್ದೆ. ಅದಕ್ಕಿಂತ ಮೇಲೆ ಇನ್ನೂ ಒಂದಷ್ಟು ಹೊಲಿಗೆ ಇತ್ತು."

ಅತ್ತೆ ಎದ್ದು ಹೋಗಿ ಕನ್ನಡಿಯಿಂದ ಚೀಟಿ ಕಿತ್ತಳು. ಹರಿಯುತ್ತಾಳೆ ಎಂದುಕೊಂಡಳು ಚೋಟು. ಹರಿಯಲಿಲ್ಲ. ಮಡಚಿ ಗುಂಡಿ ಡಬ್ಬಿಗೆ ಹಾಕಿದಳು.

"ನಾನು ಕೆಲಸ ಕಲಿಯೋವಾಗ," ಎಂದಳು, "ಒಬ್ಬ ಮದುವೆ ಗಂಡಿಗೆ ಕೋಟು. ತೋಳಿನ ಅಳತೆ ಬರ್ಕೊಳ್ಳೋದು ಮರೆತೆ. ಕೇಳೋಕೆ ನಾಚಿಕೆ. ಕಣ್ಣಂದಾಜಲ್ಲಿ ಹಾಕಿದೆ. ಹಾರ ಹಾಕೋಕೆ ಅಂತ ಅವನು ಕೈ ಎತ್ತಿದ್ರೆ ತೋಳು ಮೊಣಕೈಗೆ ಬಂತು. ಪಾತ್ರೆ ತೊಳೆಯೋಕೆ ಹೊರಟವನ ಹಾಗೆ ಕಂಡನಂತೆ ಪುಣ್ಯಾತ್ಮ. ನಮ್ಮ ಮೇಷ್ಟ್ರು ಬೈಲಿಲ್ಲ. ಆ ಕೋಟು ತರಿಸಿ, ನನ್ನನ್ನ ಅವನ ಎದುರಿಗೇ ಕೂರಿಸಿ, ಬಿಚ್ಚು ಅಂದ್ರು. ಒಂದೊಂದೇ ಹೊಲಿಗೆ. ಹೊಲಿಯೋದು ಸುಲಭ ಕಣೇ. ಬಿಚ್ಚೋದು ಕಷ್ಟ."

"ಹೂಂ."

"ನೀನೂ ಬಿಚ್ಚಿದ್ಯಲ್ಲ ಈಗ. ಸರಿ. ಹೋಗು, ನಿನ್ನ ಕ್ಷೌರಿಕನ ಕೈ ಹಿಡಿ. ನಾನು ನಾಳೆ ಕ್ಲಿನಿಕ್ಕಿಗೆ ಹೋಗ್ತೀನಿ."

"ಈಗ ಹೋಗೋಣ."

"ನಿನ್ನ ಪರೀಕ್ಷೆ?"

"ಈಗ ಅಂದ್ನಲ್ಲ."

"ಏ, ನಾನೇನು ಮಗುವಾ? ನಾನೇ ಹೋಗ್ತೀನಿ. ಆಣೆ."

"ನೀನು ಮುಂದಿನ ಬಾಗಿಲಲ್ಲಿ ಹೊರಟು ಹಿಂದಿನ ಬಾಗಿಲಲ್ಲಿ ಒಳಗೆ ಬಂದು ಕೋಟು ಹಿಡ್ಕೊಂಡು ಕೂರ್ತೀಯ. ಗೊತ್ತು ನನಗೆ."

ಅತ್ತೆ ನಕ್ಕಳು, ಏಕೆಂದರೆ ಅದೇ ಅವಳ ಯೋಜನೆಯಾಗಿತ್ತು. ನಗುತ್ತಲೇ ಮೇಜಿನ ಮೇಲಿದ್ದ ಬಿಳಿ ಕೋಟನ್ನು ಮಡಚಿ ಕಾಗದದಲ್ಲಿ ಸುತ್ತಿದಳು. "ಹಾಗಾದ್ರೆ ಇದನ್ನ ನೀನೇ ತಗೊಂಡು ಹೋಗು. ನಿಮ್ಮ ಮೇಡಂದು. ಹತ್ತು ವರ್ಷದಿಂದ ನೋಡ್ತಿದೀನಿ, ಒಂದ್ಸಲ ಬಂದು ಅಳತೆ ಕೊಟ್ಟಿಲ್ಲ. ಹಳೇ ಕೋಟು ಕಳಿಸ್ತಾರೆ, ಇದೇ ಅಳತೆ ಅಂತಾರೆ. ಹಳೇದರ ತೋಳು ಒಳಗಡೆ ಸವೆದು ಬಿಗಿದು ಹೋಗಿರುತ್ತೆ, ಆದ್ರೂ ಅದೇ ಅಳತೆ. ಕೋಟು ಮನುಷ್ಯರ ಜೊತೆ ಬೆಳೆಯುತ್ತಾ?"

ಕ್ಲಿನಿಕ್ ಎರಡು ಬೀದಿ ಆಚೆ. ಅತ್ತೆ ದಾರಿಯುದ್ದಕ್ಕೂ ಮಾತಾಡಲು ನೋಡಿದಳು. ಚೋಟು ಪ್ರತಿ ಸಲ ಬೆರಳನ್ನು ತುಟಿಗೆ ಇಟ್ಟಳು. ಸರದಿಯಲ್ಲಿ ಮುಂದೆ ಎಂಟು ಜನ. ಎಂಟು ತೋಳುಗಳು ಸಾಲಾಗಿ, ಖಾಲಿಯಾಗಿ, ಕೂತಿದ್ದವು. ಆಸ್ಪತ್ರೆಯಲ್ಲಿ ಕಾಯುವವರು ಬೇಡ. ಚೋಟು ಅವನ್ನು ಹಸಿದವರು ಅಂಗಡಿಯ ಗಾಜು ನೋಡುವ ಹಾಗೆ ನೋಡಿ, ಮುಖ ತಿರುಗಿಸಿದಳು. ಗೋಡೆ ಗಡಿಯಾರ ಮೂರು ದಾಟಿತು. ಮೂರೂ ಕಾಲು.

"ಹೋಗೇ," ಎಂದಳು ಅತ್ತೆ ಪಿಸುಗುಟ್ಟಿ.

"ಮಾತಾಡ್ಬೇಡ."

ಡಾಕ್ಟರ್ ತಾವೇ ಅಳೆದರು. ಇನ್ನೂರಕ್ಕೆ ಎರಡು ಕಡಿಮೆ. ಎದೆನೋವು? ಇಲ್ಲ. ಕಣ್ಣು ಮಂಜು? ಇಲ್ಲ. ಕೈಕಾಲು ಜೋಮು, ಮಾತು ತೊದಲು? "ಸೊಂಟ ನೋವಿದೆ," ಎಂದಳು ಅತ್ತೆ, ಏನಾದರೂ ಒಂದು ಇರಲಿ ಎಂದು. ಇಸಿಜಿ ತೆಗೆದರು; ಅದರಲ್ಲಿ ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಡಾಕ್ಟರ್ ಹಳೇ ಮಾತ್ರೆ ಪಟ್ಟಿಯನ್ನು ತಿರುಗಿಸಿ ನೋಡಿ ಕೇಳಿದರು:

"ಇದನ್ನ ತಗೊಳ್ಳುವಾಗ ಎಷ್ಟಿತ್ತು?"

ಅತ್ತೆ ಚೋಟುವಿನ ಕಡೆ ನೋಡಿದಳು.

"ಗೊತ್ತಿಲ್ಲ ಡಾಕ್ಟರ್," ಎಂದಳು ಚೋಟು. "ನಾನು ನೂರಾ ಮೂವತ್ತಾರು ಅಂತ ಬರ್ದಿದ್ದೆ. ನಾಡಿ ನೋಡದೆ. ಇವ್ರಿಗೆ ಸದ್ದು ನೂರಾ ಎಪ್ಪತ್ನಾಲ್ಕಕ್ಕೆ ನಿಂತು ಮತ್ತೆ ನೂರಾ ಮೂವತ್ತೆಂಟಕ್ಕೆ ಬರುತ್ತೆ. ಆಗಲೂ ಮೇಲೆಯೇ ಇದ್ದಿರಬಹುದು."

ಡಾಕ್ಟರ್ ತಲೆ ಎತ್ತಿ ಅವಳ ಸಮವಸ್ತ್ರ ನೋಡಿದರು. "ಒಳ್ಳೇದಾಯ್ತು ಹೇಳಿದ್ದು. ನೂರಾ ಮೂವತ್ತಾರು ಅಂತಿದ್ರೆ ಅದೇ ಮಾತ್ರೆಯನ್ನೇ ಮತ್ತೆ ಬರೀತಿದ್ದೆ." ಮಾತ್ರೆ ಬದಲಿಸಿದರು, ಇನ್ನೊಂದು ಸೇರಿಸಿದರು, ಮೊದಲನೆಯದನ್ನು ಎದುರಿಗೇ ನುಂಗಿಸಿದರು, ಸೋಮವಾರ ಮತ್ತೆ ಬನ್ನಿ ಎಂದರು, ಎದೆನೋವೋ ಮಾತು ತೊದಲೋ ಬಂದರೆ ಸೋಮವಾರಕ್ಕೆ ಕಾಯಬೇಡಿ ಎಂದರು. "ಅಂಕಿ ಸರಿಯಾದ್ರೂ ನಿಲ್ಲಿಸ್ಬೇಡಿ. ಸರಿಯಾಗಿರೋದು ಮಾತ್ರೆಯಿಂದ."

"ಅಂದ್ರೆ ತುಳೀತಾನೇ ಇರ್ಬೇಕು," ಎಂದಳು ಅತ್ತೆ.

"ಏನು?"

"ಏನಿಲ್ಲ ಡಾಕ್ಟರೇ. ಮಿಷನ್ ವಿಷಯ."

ಹೊರಗೆ ಬಂದಾಗ ಮೂರೂ ನಲವತ್ತು. ಅತ್ತೆಯನ್ನು ಅಂಗಡಿಗೆ ಬಿಟ್ಟು, ಕೋಟಿನ ಪೊಟ್ಟಣ ಕಂಕುಳಲ್ಲಿ ಇರುಕಿಕೊಂಡು ಚೋಟು ಓಡಿದಳು. ಕ್ಷೌರಿಕನ ಬಾಗಿಲು ಮುಚ್ಚಿತ್ತು. ಬೀಗಕ್ಕೆ ಒಂದು ಬಾಚಣಿಗೆ ಸಿಕ್ಕಿಸಿದ್ದ, ಯಾಕೋ. ಮೂಲೆಯಲ್ಲಿ ಪೇಪರ್ ಮಾರುವವನನ್ನು ಐದು ನಿಮಿಷ ಕೂತ್ಕೊಳ್ತೀರಾ ಎಂದು ಕೇಳಿದಳು. ಕೂತ್ಕೊಂಡ್ರೆ ಪೇಪರ್ ನಿಮ್ಮಪ್ಪ ಮಾರ್ತಾನಾ ಎಂದ. ಕಾಲೇಜು ಗೇಟಿನ ಕಾವಲುಗಾರ ಏಳನೇ ಸಾಲಿನಲ್ಲಿ ಆಗಲೇ ಇದ್ದ. ಅಟೆಂಡರ್ ಅಣ್ಣ ಹನ್ನೆರಡನೇ ಸಾಲು. ಅವಳನ್ನು ಕಂಡವನೇ ಅಭ್ಯಾಸಬಲದಿಂದ ತೋಳು ಮಡಚಲು ಹೋದ.

ಪಾದರಸ ಮೇಡಂ ತಮ್ಮ ಕೋಣೆಯಲ್ಲಿ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಎಲ್ಲ ಹೆಸರುಗಳ ಮುಂದೆ ಗುರುತು ಬಿದ್ದಿತ್ತು, ಒಂದನ್ನು ಬಿಟ್ಟು. ಮೂರೂ ಐವತ್ತು.

"ಗುಮಾಸ್ತೆ ಎರಡು ಸಲ ಬಂದು ಹೋದಳು," ಎಂದರು. "ಕೊಡು."

ಚೋಟು ಏದುಸಿರು ಬಿಡುತ್ತ ನೋಟ್‌ಬುಕ್ ಕೊಟ್ಟಳು. ಮೇಡಂ ಪೆನ್ಸಿಲ್ ತುದಿಯಲ್ಲಿ ಕಾಲಂ ಇಳಿಯುತ್ತ ಹೋದರು. "ಎಂಟು. ಆರು. ಹನ್ನೆರಡು. ನಾಲ್ಕು. ಹತ್ತು. ಎಂಟು." ಮೂವತ್ತೊಂಬತ್ತನೇ ಸಾಲಿಗೆ ಬಂದಾಗ ಪೆನ್ಸಿಲ್ ನಿಂತಿತು. ಅಂಚಿನಲ್ಲಿ ಚೋಟು ಕ್ಲಿನಿಕ್ಕಿನ ಸರದಿಯಲ್ಲಿ ಕೂತು ಬರೆದಿದ್ದಳು: 174ರಿಂದ 138ರವರೆಗೆ ಸದ್ದಿಲ್ಲ. ಕೆಳಗೆ ಇನ್ನೊಂದು ಸಾಲು: ಕಳೆದ ಸಲ ನಾನು ಬರೆದದ್ದು ತಪ್ಪು, ಇವರಿಗೆ ಹೇಳಿದ್ದೇನೆ, ಕ್ಲಿನಿಕ್ಕಿಗೆ ಕರೆತಂದಿದ್ದೇನೆ.

ಮೇಡಂ ಅದನ್ನು ಎರಡು ಸಲ ಓದಿದರು.

"ಇಪ್ಪತ್ತೆಂಟು ವರ್ಷ ಪಾಠ ಮಾಡಿದೀನಿ," ಎಂದರು, "ಇದನ್ನ ಪುಸ್ತಕದ ಹೊರಗೆ ಹಿಡಿದು ತಂದವರು ಮೂರೋ ನಾಲ್ಕೋ. ಈಗ ಈ ಸಾಲುಗಳು ನಿಜವಾದ ನಲವತ್ತು ಜನರ ಥರ ಕಾಣ್ತಾವೆ."

"ಮೂವತ್ತೊಂಬತ್ತು, ಮೇಡಂ."

ಮೇಡಂ ಕೊನೆಯ ಸಾಲು ನೋಡಿದರು. ಖಾಲಿ. ಗಡಿಯಾರ ನೋಡಿದರು. ಬಾಗಿಲ ಬಳಿ ಗುಮಾಸ್ತೆ ಮೂರನೇ ಸಲ ಕಾಣಿಸಿಕೊಂಡು, ಕೈಚೀಲ ಹೆಗಲಿಗೇರಿಸಿಕೊಂಡೇ, "ನಾಲ್ಕಕ್ಕೆ ನಾನಿರಲ್ಲ, ಮೇಡಂ," ಎಂದು ಹೋದಳು.

ಚೋಟು ಕೋಟಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ಅತ್ತೆ ಕಳಿಸಿದ್ದು. ಮುಂದಿನ ಸಲ ನೀವೇ ಬಂದು ಅಳತೆ ಕೊಡ್ಬೇಕಂತೆ."

"ಹಳೇ ಅಳತೆ ಚೆನ್ನಾಗೇ ಇದೆ." ಮೇಡಂ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. ಅವರು ತೊಟ್ಟ ಕೋಟಿನ ತೋಳು ಮೊಣಕೈ ಮೇಲೆ ಬಿಗಿದು ಗೆರೆ ಕಟ್ಟಿತ್ತು. ಅದು ಚೋಟುವಿನ ಕಣ್ಣಿಗೆ ಬಿದ್ದದ್ದು ಇವತ್ತೇ. ಕುತ್ತಿಗೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ನೇತಾಡುವ ಸ್ಟೆತೊಸ್ಕೋಪ್. ಅದರ ಇನ್ನೊಂದು ತುದಿ ಯಾವತ್ತಾದರೂ ಆ ತೋಳಿನ ಮಡಿಕೆಯನ್ನು ಮುಟ್ಟಿತ್ತೋ ಇಲ್ಲವೋ.

ಮೇಡಂ ನೋಟ್‌ಬುಕ್ಕನ್ನು ಅವಳ ಕಡೆ ತಿರುಗಿಸಿ, ಪೆನ್ಸಿಲನ್ನು ನಲವತ್ತನೇ ಸಾಲಿನ ಮೇಲಿಟ್ಟರು. ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

"ನೋಡಮ್ಮ, ನೀನು ಕಲಿಯಬೇಕಾದ್ದು ಕಲಿತಿದೀಯ. ಒಂದು ಸಾಲಿಗೋಸ್ಕರ ಆರು ತಿಂಗಳು ಕಳ್ಕೋಬೇಡ. ನಂದು ಬರ್ಕೋ. ನೂರಿಪ್ಪತ್ತು, ಎಂಬತ್ತು. ಎಲ್ಲರಿಗೂ ಗೊತ್ತಿರೋದೇ." ಸ್ವಲ್ಪ ತಡೆದು ಸೇರಿಸಿದರು, "ನಾಡಿ ನಿಂತ ಅಂಕಿ ನೂರಾ ಹನ್ನೆರಡು ಅಂತ ಹಾಕು. ಹತ್ತು ಬೇಡ. ಬರಿ, ಸಹಿ ಹಾಕ್ತೀನಿ."

ಮೂರೂ ಐವತ್ತೆರಡು. ಐದು ನಿಮಿಷ ಮೇಡಂ ಅವರನ್ನು ಸುಮ್ಮನೆ ಕೂರಿಸಲು, ಎರಡು ನಿಮಿಷ ಅಳೆಯಲು, ಒಂದು ನಿಮಿಷ ಕಾರಿಡಾರಿನ ತುದಿಯವರೆಗೆ ಓಡಲು. ಲೆಕ್ಕ ದಾರದಷ್ಟು ತೆಳ್ಳಗಿತ್ತು. ಮೇಡಂ ಒಂದೇ ಒಂದು ಮಾತು ಜಾಸ್ತಿ ಆಡಿದರೂ ಹರಿಯುತ್ತಿತ್ತು.

ಚೋಟು ಪೆನ್ಸಿಲ್ ಎತ್ತಿಕೊಂಡಳು. ಅದನ್ನು ಕಿವಿಯ ಮೇಲೆ ಸಿಕ್ಕಿಸಿ, ಚೀಲದಿಂದ ಪಟ್ಟಿ ಹೊರತೆಗೆದು, ಮೇಜಿನ ಮೇಲೆ ಬಿಡಿಸಿದಳು.

"ಬರೆಯಲ್ಲ, ಮೇಡಂ."